ಬೆಟ್ಟದ ನೆತ್ತಿಯ ಕಣಜ

ಆಫ್ರಿಕಾ ಖಂಡದ ವಾಯವ್ಯ ಮೂಲೆಯಲ್ಲಿ ಮೊರಾಕ್ಕೊ ದೇಶವಿದೆ. ಅದರ ಕಡಲ ತೀರದಲ್ಲಿ ಅಗಾದಿರ್ ಎಂಬ ದೊಡ್ಡ ಊರು. ಮಕ್ಕಳೇ, ಭೂಪಟ ತೆರೆದು ಆ ಹೆಸರನ್ನು ಹುಡುಕಿ. ಅಲ್ಲಿನ ಮೂಲನಿವಾಸಿಗಳಾದ ಅಮಾಝಿಗ್ ಜನರ ಮಾತಿನಲ್ಲಿ ಅಗಾದಿರ್ ಎಂದರೆ ಕೋಟೆಯಂಥ ಕಣಜ. ಅಂಥ ಹಳೆಯ ಕಣಜಗಳನ್ನು ನೋಡಬೇಕಾದರೆ ಆ್ಯಂಟಿ ಅಟ್ಲಾಸ್ ಎಂಬ ಬೋಳು ಬೆಟ್ಟಸಾಲಿನ ಹಳ್ಳಿಗಳಿಗೆ ಹೋಗಬೇಕು.

ಅಮ್ತೂದಿ ಅಂಥದೊಂದು ಹಳ್ಳಿ. ಕೆಳಗೆ ಕಣಿವೆಯಲ್ಲಿ ಖರ್ಜೂರದ ಮರಗಳು, ಮೇಲೆ ಬಂಡೆಯ ನೆತ್ತಿಯಲ್ಲಿ ಕಲ್ಲಿನ ಕಟ್ಟಡ. ದೂರದಿಂದ ನೋಡಿದರೆ ಯಾವನೋ ಪಾಳೆಯಗಾರನ ಕೋಟೆ ಅನ್ನಿಸುತ್ತದೆ. ಅಂಕುಡೊಂಕಾದ ಕಾಲುದಾರಿ ಹತ್ತಿ ಒಳಗೆ ಹೋದರೆ ಅರಮನೆಯೂ ಇಲ್ಲ, ಸಿಂಹಾಸನವೂ ಇಲ್ಲ. ಕಾಣುವುದು ಒತ್ತೊತ್ತಾಗಿ ಕಟ್ಟಿದ ಪುಟ್ಟ ಪುಟ್ಟ ಕೋಣೆಗಳು. ಒಂದು ಮನೆತನಕ್ಕೆ ಒಂದು ಕೋಣೆ. ಇಂಥ ಕೆಲವು ಕಣಜಗಳಲ್ಲಿ ಕೋಣೆಗಳು ಒಂದರ ಮೇಲೊಂದು ಇರುತ್ತವೆ. ಗೋಡೆಯಿಂದ ಹೊರಚಾಚಿದ ಚಪ್ಪಡಿ ಕಲ್ಲುಗಳೇ ಮೆಟ್ಟಿಲು.

ಇಷ್ಟು ಎತ್ತರದಲ್ಲಿ ಕಣಜ ಏಕೆ? ಆ ಸೀಮೆಯಲ್ಲಿ ಮಳೆಯನ್ನು ನಂಬುವಂತಿಲ್ಲ. ಒಂದು ವರ್ಷ ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಬರ ಬೀಳಬಹುದು. ಜೊತೆಗೆ ಹಿಂದೆ ಕೊಳ್ಳೆ ಹೊಡೆಯುವವರ ಭಯವೂ ಇತ್ತು. ಬಡ ರೈತನೊಬ್ಬ ತನಗೊಬ್ಬನಿಗೇ ಕೋಟೆ ಕಟ್ಟಿಕೊಳ್ಳಲಾದೀತೆ? ಊರವರೆಲ್ಲ ಸೇರಿ ಒಂದೇ ಕೋಟೆ ಕಟ್ಟಿದರು. ಬಾರ್ಲಿ, ಬಾದಾಮಿ, ಎಣ್ಣೆಯ ಜೊತೆಗೆ ಹೆಂಗಸರ ಬೆಳ್ಳಿ ಒಡವೆ, ಹೊಲದ ಪತ್ರಗಳನ್ನೂ ಅಲ್ಲೇ ಇಟ್ಟರು. ಒಣ ಹವೆಯಾದ್ದರಿಂದ ಬಾರ್ಲಿ ಹಲವು ವರ್ಷ ಕೆಡುತ್ತಿರಲಿಲ್ಲ. ಇಲಿಗಳ ಕಾಟಕ್ಕೂ ಉಪಾಯವಿತ್ತು: ಬೆಕ್ಕು ಒಳಹೊಕ್ಕು ಬರಲೆಂದು ಕೆಲವು ಬಾಗಿಲುಗಳಲ್ಲಿ ಸಣ್ಣ ಕಿಂಡಿ ಬಿಟ್ಟಿದ್ದರು!

ಕೋಣೆಯ ಕೀಲಿ ಆಯಾ ಮನೆಯವರ ಬಳಿ, ಹೆಬ್ಬಾಗಿಲಿನ ಕೀಲಿ ಕಾವಲುಗಾರನ ಬಳಿ. ನಾನು ಕೆಲಸ ಮಾಡಿದ ಬ್ಯಾಂಕಿನಲ್ಲೂ ಲಾಕರಿಗೆ ಎರಡು ಕೀಲಿ: ಒಂದು ಗಿರಾಕಿಯದು, ಇನ್ನೊಂದು ಬ್ಯಾಂಕಿನದು. ಒಂದರಿಂದಲೇ ತೆರೆಯಲಾಗದು. ಓದು ಬರಹ ಹೆಚ್ಚು ತಿಳಿಯದ ಬೆಟ್ಟದ ರೈತರು ಇದೇ ಜಾಣ್ಮೆಯನ್ನು ಎಷ್ಟೋ ತಲೆಮಾರುಗಳ ಹಿಂದೆಯೇ ಕಂಡುಕೊಂಡಿದ್ದರು.

ಆ ಕಾವಲುಗಾರನಿಗೆ ಅಮೀನ್ ಎಂದು ಹೆಸರು. ಅರಬ್ಬಿ ಭಾಷೆಯಲ್ಲಿ ಅದರ ಅರ್ಥ ನಂಬಿಕಸ್ಥ. ನಮ್ಮ ಕೋರ್ಟಿನ ‘ಅಮೀನ’ನನ್ನು ಅಜ್ಜಂದಿರು ಬಲ್ಲರು, ಆ ಪದ ಬಂದದ್ದೂ ಅಲ್ಲಿಂದಲೇ. ಅವನಿಗೆ ಸಂಬಳವೆಂದರೆ ಪ್ರತಿ ಮನೆಯವರೂ ಅಳೆದುಕೊಡುವ ಬಾರ್ಲಿ. ಅವನ ಮೇಲೆ ಊರ ಹಿರಿಯರ ಮಂಡಳಿ. ನಿಯಮಗಳನ್ನು ಮರದ ಹಲಗೆಯ ಮೇಲೆ ಬರೆದಿಡುವ ಪದ್ಧತಿಯಿತ್ತು. ಕದ್ದರೆ ದಂಡ, ಒಳಗೆ ಜಗಳವಾಡಿದರೂ ದಂಡ. ಹೊರಗೆ ಎಷ್ಟೇ ವೈರವಿರಲಿ, ಕಣಜದೊಳಗೆ ಯಾರೂ ಯಾರ ಮೇಲೂ ಕೈಯೆತ್ತುವಂತಿರಲಿಲ್ಲ. ನೆರೆಯವನು ಬೇಡದವನಾದರೂ ಅವನ ಕಾಳು ನಮ್ಮ ಕಾಳಿನ ಪಕ್ಕದಲ್ಲೇ ಇದೆಯಲ್ಲ! ಗೋಡೆ ಬಿದ್ದರೆ ಇಬ್ಬರಿಗೂ ನಷ್ಟ.

1934ರ ಹೊತ್ತಿಗೆ ಈ ಬೆಟ್ಟಗಳೂ ಫ್ರೆಂಚರ ವಶಕ್ಕೆ ಬಂದವು. ಕೊಳ್ಳೆಯ ಭಯ ಹೋಯಿತು. ಕ್ರಮೇಣ ಅಂಗಡಿಗಳು ಬಂದವು, ಗಂಡಸರು ದುಡಿಮೆ ಹುಡುಕಿ ಪಟ್ಟಣಗಳಿಗೆ, ಫ್ರಾನ್ಸಿಗೆ ಹೊರಟರು. ಕೋಣೆಗಳು ಬರಿದಾದವು. ವರ್ಷವರ್ಷವೂ ಮಣ್ಣು ಮೆತ್ತಿ ಸರಿಪಡಿಸುವವರಿಲ್ಲದೆ ಎಷ್ಟೋ ಅಗಾದಿರ್‌ಗಳು ಕುಸಿದವು.

ಅಮ್ತೂದಿಯದು ಹಾಗಾಗಲಿಲ್ಲ. ಸಲೀಮಾ ನಾಜಿ ಎಂಬ ಮೊರಾಕ್ಕೊದ ವಾಸ್ತುಶಿಲ್ಪಿ ಊರಿನ ಕುಶಲಕರ್ಮಿಗಳನ್ನೇ ಸೇರಿಸಿಕೊಂಡು ಅದನ್ನು ದುರಸ್ತಿ ಮಾಡಿಸಿದರು. ಇಂಥ ಇನ್ನೂ ಹಲವು ಕಣಜಗಳಿಗೆ ಅವರು ಜೀವ ತುಂಬಿದ್ದಾರೆ. ಸಿಮೆಂಟಿನ ಬದಲು ಅಲ್ಲಿಯದೇ ಕಲ್ಲು, ಮಣ್ಣು, ಮರ ಬಳಸುವುದು ಅವರ ಪದ್ಧತಿ. ಹಳೆಯ ಕೆಲಸ ಬಲ್ಲ ಕೈಗಳು ಊರಲ್ಲಿ ಇರುವಾಗಲೇ ಅದು ಸಾಧ್ಯ. ಅವರಿಂದ ಎಳೆಯರು ಕಲಿತರೆ ಮುಂದೆಯೂ ಗೋಡೆ ನಿಲ್ಲುತ್ತದೆ.

ದೊಡ್ಡ ಬಂಡವಾಳವಿಲ್ಲದ ಜನ ಬರಗಾಲವನ್ನು ಎದುರಿಸಿದ್ದು ಹೀಗೆ: ಕಾಳು ಅವರವರದು, ಕಾವಲು ಎಲ್ಲರದು.