ಗ್ರಾಚ್ಯುಟಿಯ ಬಡ್ಡಿ

ಕೆಲಸ ಬಿಟ್ಟ 30 ದಿನದೊಳಗೆ ಗ್ರಾಚ್ಯುಟಿ ಕೊಡದ ಮಾಲೀಕರು ಬಡ್ಡಿ ಸೇರಿಸಿ ಕೊಡಬೇಕು. 1972ರ ಕಾಯ್ದೆಗೆ 1987ರಲ್ಲಿ ಸೇರಿದ ಈ ಬಡ್ಡಿಯ ಮಾತು, 2025ರ ನವೆಂಬರಿನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಕರ್ನಾಟಕ ಆಗ್ರೋ ಇಂಡಸ್ಟ್ರೀಸ್ ನಿಗಮದಿಂದ ನಿವೃತ್ತರಾದ ಎಚ್. ಗಂಗಹನುಮೇಗೌಡರು ಇದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2003ರಲ್ಲಿ ಶೇ. 10ರ ಬಡ್ಡಿ ಪಡೆದರು. ನೌಕರನ ತಪ್ಪಿಲ್ಲದಿದ್ದರೆ ಅದು ಕಡ್ಡಾಯ, ಯಾರ ಮರ್ಜಿಯೂ ಅಲ್ಲ ಎಂದಿತು ಕೋರ್ಟು.

ನಮ್ಮ ಶಿವಾಜಿನಗರದ ತೊಡಕು ಬೇರೆ. ಛಾಪಖಾನೆಯೊಂದರಲ್ಲಿ 22 ವರ್ಷ ದುಡಿದ ನಮ್ಮ ಚಾಚಾಗೆ ಗ್ರಾಚ್ಯುಟಿ ಬಂದದ್ದು ಎರಡು ವರ್ಷ ತಡವಾಗಿ. ಬಡ್ಡಿಯ ಮಾತೆತ್ತಿದರೆ ‘ಸೂದಾ? ತೌಬಾ!’ ಎಂದರು. ಮಾಲೀಕರಿಗೆ ಇನ್ನೇನು ಬೇಕು! ಸಾಲ ಕೊಟ್ಟು ಕೇಳುವ ಬಡ್ಡಿಯೇ ಇದು? ತಡೆಹಿಡಿದ ದುಡಿಮೆಗೆ ತೆರುವ ದಂಡವೆಂದೇ ನಾವು ತಿಳಿದಿದ್ದೇವೆ. ಅಳುಕಿದ್ದರೆ ಪಡೆದು ಬಡವರಿಗೆ ಹಂಚಿ, ಮಾಲೀಕರಿಗೇಕೆ ದಾನ ಎಂದೆವು. ಚಾಚಾ ಇನ್ನೂ ಅರ್ಜಿಗೆ ಸಹಿ ಹಾಕಿಲ್ಲ.