ರೇಡಿಯೊಗೆ ಹೊಸ ಗಂಟಲು

ಸಾಗರದ ನಮ್ಮ ತವರುಮನೆಯ ಪಡಸಾಲೆಯಲ್ಲಿ ಒಂದು ಮರ್ಫಿ ರೇಡಿಯೊ ಇತ್ತು. ಟ್ರಾನ್ಸಿಸ್ಟರ್ ಅಲ್ಲ, ವಾಲ್ವ್ ಸೆಟ್ಟು. ಗುಂಡಿ ತಿರುಗಿಸಿದೊಡನೆ ಬಾಯಿ ಬಿಡುವ ಜಾತಿಯದಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಗಾದ ಮೇಲೆಯೇ ಅದಕ್ಕೆ ಮಾತು. ಅಷ್ಟರಲ್ಲಿ ಅಮ್ಮ ಒಂದು ದೋಸೆ ಮಗುಚಿ ಹಾಕಿ ಬರುತ್ತಿದ್ದಳು.

ಅದಕ್ಕೆ ಕಸೂತಿಯ ಹೊದಿಕೆ ಹಾಕಿದವಳು ಅಮ್ಮ, ದಿನಾ ಧೂಳು ಒರೆಸುವವಳೂ ಅಮ್ಮ. ಗುಂಡಿ ತಿರುಗಿಸುವವರು ಮಾತ್ರ ಅಪ್ಪ. "ನೀವು ಮುಟ್ಟಿದರೆ ಮುಳ್ಳು ಸರಿದುಬಿಡುತ್ತೆ" ಎನ್ನುತ್ತಿದ್ದರು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಆ ಮುಳ್ಳು ಅಲ್ಲೇ ಬೇರುಬಿಟ್ಟಿತ್ತು. ಧಾರವಾಡದಿಂದ ಮದುವೆಯಾಗಿ ಬಂದ ಅಮ್ಮನೂ ಅಷ್ಟೇ, ಬೇರುಬಿಟ್ಟವಳು. ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದಳು.

1993ರಲ್ಲಿ ಅಪ್ಪ ಹೋದರು. ರೇಡಿಯೊ ಹೊದಿಕೆಯೊಳಗೇ ಉಳಿಯಿತು. 1997ರ ಬೇಸಿಗೆ ರಜೆಗೆ ಮಗನನ್ನು ಕರೆದುಕೊಂಡು ಹೋದಾಗ ಅಮ್ಮ, "ಹಳೇ ಸಾಮಾನಿನವನು ಬಂದಿದ್ದ, ಕೊಟ್ಟುಬಿಡಲಾ?" ಎಂದಳು. ಕೇಳಿದ ರೀತಿಯಲ್ಲೇ ಕೊಡುವ ಮನಸ್ಸಿಲ್ಲ ಎಂದು ಗೊತ್ತಾಯಿತು. ಪ್ಲಗ್ ಹಾಕಿ ನೋಡಿದೆ. ದೀಪ ಹತ್ತಿತು, ಹಸಿರು ಕಣ್ಣು ತೆರೆಯಿತು. ದನಿ ಮಾತ್ರ ಹರಿದ ಕಾಗದ ಗಾಳಿಗೆ ಪಟಪಟಿಸಿದ ಹಾಗೆ. ಹಿಂದಿನ ರಟ್ಟು ಬಿಚ್ಚಿದರೆ ನಿಜಕ್ಕೂ ಹರಿದ ಕಾಗದವೇ! ಸ್ಪೀಕರಿನ ಕಾಗದದ ಬಟ್ಟಲನ್ನು ಜಿರಳೆಗಳು ಸುತ್ತಲೂ ತಿಂದುಹಾಕಿದ್ದವು.

ನಾನು ಜಾಣೆಯೆಂದುಕೊಂಡು ತೆಳು ಕಾಗದ ಕತ್ತರಿಸಿ ಮೈದಾ ಅಂಟಿನಲ್ಲಿ ತೇಪೆ ಹಾಕಿದೆ. ಎರಡು ದಿನ ಹಾಡಿತು. ಮೂರನೆಯ ದಿನ ತೇಪೆಯೂ ಇಲ್ಲ. ಮೈದಾ ಗಂಜಿ ಸಿಕ್ಕರೆ ಜಿರಳೆಗಳು ಬಿಡುತ್ತವೆಯೇ?

ಬಸ್ ನಿಲ್ದಾಣದ ಬಳಿ ಒಬ್ಬರು ಹಿರಿಯ ರಿಪೇರಿಯವರಿದ್ದರು. ಆಗಲೇ ಟೀವಿಗಳನ್ನಷ್ಟೇ ಮುಟ್ಟುತ್ತಿದ್ದರು. "ಆ ಎಂಟಿಂಚಿನ ಸ್ಪೀಕರ್ ಈಗೆಲ್ಲಿ ಬರುತ್ತಮ್ಮ? ಯಾವುದಾದರೂ ಹಾಕಿ, ಆದರೆ ಓಮ್ ನೋಡಿಕೊಂಡು ಹಾಕಿ" ಎಂದರು. ಸಾಮಾನು ಜೋಡಿಸುವ ಮುಂಚೆ ದೇವರನ್ನು ನೆನೆಯಲು ಹೇಳುತ್ತಿದ್ದಾರೆಂದು ನಾನು ತಲೆದೂಗಿದೆ. ಅವರು ನಕ್ಕು ಬಿಡಿಸಿ ಹೇಳಿದರು. ವಾಲ್ವಿಗೂ ಸ್ಪೀಕರಿಗೂ ನಡುವೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತದಂತೆ, ಅದು ಎರಡೂ ಕಡೆಯ ಜಾತಕ ಕೂಡಿಸುವ ದಲ್ಲಾಳಿಯ ಹಾಗೆ. ಹಳೆಯದು ಮೂರು ಓಮ್ ಆದರೆ ಹೊಸದು ನಾಲ್ಕಾದರೂ ಸಂಸಾರ ನಡೆದೀತು. ತೀರಾ ಹೆಚ್ಚುಕಡಿಮೆಯಾದರೆ ದನಿ ಕೆಡುತ್ತದೆ. ಇನ್ನೆರಡು ಮಾತು ಗದರಿಸಿಯೇ ಹೇಳಿದರು. ಸ್ಪೀಕರ್ ಬಿಚ್ಚಿಟ್ಟು ರೇಡಿಯೊ ಹಾಕಿದರೆ ಆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಕರೆಂಟು ಉಳಿದಿರುತ್ತದೆ, ಎಲ್ಲೆಂದರಲ್ಲಿ ಕೈಹಾಕಕೂಡದು. ಕೊನೆಗೆ ತಾವೇ ಮನೆಗೆ ಬಂದು, ಬಿಚ್ಚಬೇಕಾದ ಎರಡು ತಂತಿಗಳಿಗೆ ಕೆಂಪು ದಾರ ಕಟ್ಟಿ, ಕಾಫಿ ಕುಡಿದು ಹೋದರು.

ಅಟ್ಟದ ಮೇಲೆ ಕೆಟ್ಟುಹೋದ ಟೇಪ್ ರೆಕಾರ್ಡರ್ ಬಿದ್ದಿತ್ತು. ಅದರ ಸ್ಪೀಕರಿನ ಬೆನ್ನಿನ ಮೇಲೆ ನಾಲ್ಕು ಓಮ್ ಎಂದೇ ಅಚ್ಚಾಗಿತ್ತು. ಟಾರ್ಚಿನ ಸೆಲ್ಲಿಗೆ ತಂತಿ ತಾಗಿಸಿದರೆ ಟಕ್ ಎಂದಿತು. ಜೀವ ಇದೆ! ಅಯಸ್ಕಾಂತ ಅಮ್ಮನ ಸೆರಗಿನ ಪಿನ್ನನ್ನು ಎಳೆದು ಅಂಟಿಸಿಕೊಂಡಿತು. ಆದರೆ ಅಂಗೈಯಗಲದ ಸ್ಪೀಕರು, ಪೆಟ್ಟಿಗೆಯ ತೂತೋ ಊಟದ ತಟ್ಟೆಯಷ್ಟು. ಸುಮ್ಮನೆ ಒಳಗೆ ಒರಗಿಸಿಟ್ಟು ಹಾಕಿದಾಗ ಸೊಳ್ಳೆ ವಾರ್ತೆ ಓದಿದ ಹಾಗಿತ್ತು. ಮುಂದೆ ಬಂದ ದನಿಯನ್ನು ಹಿಂದೆ ಹೋದ ದನಿ ಸುತ್ತಿ ಬಂದು ನುಂಗುತ್ತದಂತೆ. ನಡುವೆ ಹಲಗೆ ಬೇಕು. ಮಗ ಪರೀಕ್ಷೆಗೆ ಒಯ್ಯುವ ರಟ್ಟು ನೆನಪಾಯಿತು. ಅದರ ಮೇಲೆ ಡಬ್ಬಿಯ ಮುಚ್ಚಳವಿಟ್ಟು ವೃತ್ತ ಎಳೆದು, ಕೊರೆದು, ಸ್ಪೀಕರನ್ನು ಸ್ಕ್ರೂ ಹಾಕಿ ಬಿಗಿದೆ. ತಂತಿಗಳನ್ನು ತಿರುಚಿ ಟೇಪು ಸುತ್ತಿದೆ. ಮಗ ಮುಖ ಊದಿಸಿಕೊಂಡಿದ್ದ.

ಸಂಜೆ ಅಮ್ಮನನ್ನು ಕರೆದು, "ಹಾಕು" ಎಂದೆ.

"ನಾನಾ?" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗುಂಡಿ ತಿರುಗಿಸಿ, ಕಾಯುತ್ತ ನಿಂತಳು. ಭದ್ರಾವತಿ ಬಂತು. ಅಪ್ಪನ ಕಾಲದ ಆ ತುಂಬುದನಿ ಅಲ್ಲ, ಒಂದು ಪಾವು ಕಡಿಮೆಯೇ. ಆದರೆ ಮಾತು ಸ್ಪಷ್ಟ.

"ಅವರ ಹಾಗೆ ಇಲ್ಲ" ಎಂದಳು ಅಮ್ಮ. ರೇಡಿಯೊ ಬಗ್ಗೆ ಹೇಳಿದಳೋ, ಏನೋ.

ನಾನು ಪೆಚ್ಚಾಗಿ ಸ್ಕ್ರೂ ಡ್ರೈವರ್ ಎತ್ತಿಡುತ್ತಿದ್ದೆ. ಹಿಂದಿನಿಂದ ಕೊರಕೊರ ಶಬ್ದ. ತಿರುಗಿ ನೋಡಿದರೆ ಅಮ್ಮ ಇನ್ನೊಂದು ಗುಂಡಿ ಹಿಡಿದಿದ್ದಳು. ಅಷ್ಟು ವರ್ಷ ಕದಲದ ಮುಳ್ಳು ಮೆಲ್ಲಗೆ ಸರಿಯುತ್ತಿತ್ತು. ಶಿಳ್ಳೆ, ಗದ್ದಲ, ಯಾವುದೋ ಹಿಂದಿ ಹಾಡು. ಆಮೇಲೆ ಥಟ್ಟನೆ, ಮುಂಗಾರಿ ಹೆಸರು ಬಿತ್ತುವುದರ ಬಗ್ಗೆ ಯಾರೋ ರೈತನ ಮಾತು. ಹಸಿರು ಕಣ್ಣು ಕೂಡಿಕೊಂಡಿತು.

"ಅಯ್ಯ, ನಮ್ಮ ಧಾರವಾಡ ಐತಿ ಇದು!"

ಅಮ್ಮ ಹಾಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ದನಿ ಜೋರು ಮಾಡಲು ಕೈಚಾಚಿದೆ.

"ನೀ ಸರಿಯವಾ" ಎಂದು ನನ್ನ ಕೈಯನ್ನು ಆಚೆ ತಳ್ಳಿದಳು.