ಐದನೇ ಚಮಚ

ಪ್ಲಾಸ್ಟಿಕ್ ರೋಬಾಟ್‌ಗೆ ಬಣ್ಣ ಹೊಡೆಯೋದು ಮಕ್ಕಳಾಟ ಅಂದುಕೊಂಡವರು ಒಂದ್ಸಲ ಬಿಳಿ ಬಣ್ಣ ಹೊಡೆದು ನೋಡಬೇಕು. ಕೆಂಪು, ಕಪ್ಪು ಎಲ್ಲ ಹೇಗೋ ಆಗಿಬಿಡುತ್ತವೆ. ಬಿಳಿ ಹಾಗಲ್ಲ. ಒಂದು ಧೂಳಿನ ಕಣ ಕೂತರೂ ಊರಿಗೆಲ್ಲ ಸಾರುತ್ತೆ.

ನಾನು ಕಟ್ಟುವುದು ಗಂಡಮ್ ಎಂಬ ಜಪಾನಿನ ರೋಬಾಟ್. 1979ರಲ್ಲಿ ಟಿ.ವಿ. ಧಾರಾವಾಹಿಯಾಗಿ ಬಂತು, ಮರುವರ್ಷ ಬಂದಾಯ್ ಕಂಪನಿ ಅದರ ಕಿಟ್ ಮಾರತೊಡಗಿತು. ಮೊದಲನೆಯ ಕಿಟ್‌ನ ಬೆಲೆ 300 ಯೆನ್. ಕಥೆಯಲ್ಲಿ 18 ಮೀಟರ್ ಎತ್ತರದ ಯಂತ್ರ, 1/144 ಅಳತೆಯ ಕಿಟ್‌ನಲ್ಲಿ ಹನ್ನೆರಡೂವರೆ ಸೆಂಟಿಮೀಟರ್. ನಮ್ಮನೆ ಕಾಫಿ ಫಿಲ್ಟರ್ ಅದಕ್ಕಿಂತ ಎತ್ತರ ಇದೆ. ಮೊದಲ ಡಬ್ಬ ಮನೆಗೆ ಬಂದ ದಿನ ಅಮ್ಮ, ‘ಗಂಡು ಹುಡುಕ್ಕೋ ಅಂದ್ರೆ ಗಂಡಮ್ ಹುಡುಕ್ಕೊಂಡು ಬಂದಿದೀಯಲ್ಲೇ’ ಅಂದಳು. ಅಲ್ಲಿಂದ ಮುಂದೆ ಆ ವಿಷಯ ಎತ್ತಲಿಲ್ಲ, ಪುಣ್ಯ.

ಈಗಿನ ಕಿಟ್‌ಗಳಿಗೆ ಬಣ್ಣವೂ ಬೇಡ, ಅಂಟೂ ಬೇಡ. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ ಒತ್ತಿದರೆ ರೋಬಾಟ್ ಎದ್ದು ನಿಲ್ಲುತ್ತೆ. ಆದರೆ ಹಾಗೇ ಬಿಟ್ಟರೆ ಅದು ಹಲ್ಲುಜ್ಜೋ ಬ್ರಷ್ ಥರ ಹೊಳೆಯುತ್ತೆ. ಅದಕ್ಕೇ ಈ ಪಾಡು: ಕತ್ತರಿಸಿದ ಗುರುತನ್ನು 400ರಿಂದ 1000ದವರೆಗಿನ ಉಪ್ಪುಕಾಗದದಲ್ಲಿ ಉಜ್ಜಿ, ಪಾತ್ರೆ ಸೋಪಿನಲ್ಲಿ ಜಿಡ್ಡು ತೊಳೆದು, ಬೂದು ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಮ್ಯಾಟ್ ಕೋಟ್. ವಿದ್ಯಾರಣ್ಯಪುರದ ನಮ್ಮ ತಾರಸಿಯಲ್ಲಿ ಸೋಲಾರ್ ಪ್ಯಾನೆಲ್ ಪಕ್ಕ ಥರ್ಮೋಕೋಲಿಗೆ ಬಿದಿರುಕಡ್ಡಿ ಚುಚ್ಚಿ, ಒಂದೊಂದರ ತುದಿಗೂ ಒಂದು ಕೈ, ಒಂದು ಕಾಲು, ಒಂದು ತಲೆ. ಪಕ್ಕದ ಮನೆ ಆಂಟಿ ಬಟ್ಟೆ ಒಣಹಾಕಲು ಬಂದವರು ಮೊದಲ ಸಲ ನೋಡಿ, ಏನೋ ಹರಕೆ ಇರಬೇಕು ಅಂದುಕೊಂಡಿದ್ದರಂತೆ. ಮಳೆಗಾಲದಲ್ಲಿ ಮಾತ್ರ ಮ್ಯಾಟ್ ಕೋಟ್ ಹೊಡೆಯುವ ಹಾಗಿಲ್ಲ. ಗಾಳಿಯ ತೇವ ಸೇರಿ ಬೂದಿ ಬಳಿದ ಹಾಗೆ ಬೆಳ್ಳಗಾಗಿಬಿಡುತ್ತೆ.

ಅಮ್ಮನ ವಿಷಯಕ್ಕೆ ಬರ್ತೀನಿ. ಅವಳು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಗಡಿಯಾರ ಜೋಡಿಸುತ್ತಿದ್ದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ಅವಳು ಸೇರಿದ್ದು ಎಷ್ಟೋ ವರ್ಷ ಆದಮೇಲೆ. ಬಿಟ್ಟ ಮೇಲೆ ಕೆಲಸದ ಬಗ್ಗೆ ಮಾತೇ ಆಡಿರಲಿಲ್ಲ. ಆದರೆ ರೋಬಾಟ್‌ನ ಮೈಮೇಲಿನ ಗೀರುಗಳಿಗೆ ನಾನು ತೆಳು ಕಪ್ಪು ಬಿಡ್ತಿದ್ದಾಗ ಹಿಂದೆ ನಿಂತು ನೋಡಿದಳು. ಗೀರಿನ ಒಂದು ತುದಿಗೆ ಬ್ರಷ್ ಮುಟ್ಟಿಸಿದರೆ ಸಾಕು, ಬಣ್ಣ ತಾನೇ ಉದ್ದಕ್ಕೂ ಹರಿಯುತ್ತೆ. ‘ಇದು ಎಣ್ಣೆ ಬಿಟ್ಟ ಹಾಗೇ ಅಲ್ವೇನೇ?’ ಅಂದಳು. ವಾಚಿನೊಳಗಿನ ಕೆಂಪು ಹರಳಿಗೆ ಎಣ್ಣೆ ಬಿಡುವಾಗ ಸೂಜಿಯಂಥ ಕಡ್ಡಿಯಲ್ಲಿ ಬರೀ ಸೋಕಿಸಬೇಕಂತೆ, ಉಳಿದದ್ದನ್ನು ಹರಳೇ ಎಳೆದುಕೊಳ್ಳುತ್ತಂತೆ. ‘ಜಾಸ್ತಿ ಆದ್ರೆ ಕಮ್ಮಿ ಆಗಿದ್ದಕ್ಕಿಂತ ಕೇಡು. ಕೊಡಿಲ್ಲಿ.’

ಅಷ್ಟೇ, ಕುರ್ಚಿ ಹೋಯ್ತು.

ಬೀರುವಿನಿಂದ ಅವಳ ಹಳೇ ಐಗ್ಲಾಸ್ ಹೊರಗೆ ಬಂತು. ರೆಪ್ಪೆಗಳ ಮಧ್ಯೆ ಸಿಕ್ಕಿಸಿಕೊಂಡು ನೋಡೋ ಪುಟ್ಟ ಮಸೂರ. ಬಲಗಣ್ಣಿಗೆ ಅದು, ಎಡಗಣ್ಣು ಮುಚ್ಚಿ. ನಾನು ಮಾನ್ಯತಾ ಟೆಕ್ ಪಾರ್ಕ್‌ನ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಎರಡು ಭುಜ ಮುಗಿದಿರುತ್ತಿದ್ದವು. ಕ್ವಾಲಿಟಿ ಚೆಕ್ ಕೂಡ ಅವಳದೇ. ನಮ್ಮ ಆಫೀಸಿನಲ್ಲಿ ‘ಮುಂದಿನ ರಿಲೀಸಲ್ಲಿ ನೋಡೋಣ’ ಅಂತ ದಾಟಿಸುವಂಥದ್ದೆಲ್ಲ ಇಲ್ಲಿ ವಾಪಸ್ ಬರುತ್ತಿತ್ತು.

ಎರಡನೇ ಕಿಟ್‌ನ ಬಿಳಿ ಬಣ್ಣಕ್ಕೆ ಬಂದಾಗ, ಬರೀ ಬಿಳಿ ಸಪ್ಪೆ, ಒಗೆದ ಬಟ್ಟೆಗೆ ನೀಲಿ ಹಾಕಲ್ವಾ ಹಾಗೆ ಒಂದು ಹನಿ ನೀಲಿ ಬೇಕು ಅಂದಳು. ಸರಿಯಾದ ಮಾತೇ. ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಹೊಡೆದು ನೋಡಿದೆವು: ಒಂದನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ. ಐಗ್ಲಾಸ್ ಹಾಕಿ ನೋಡಿದವಳು, ‘ಇನ್ನೂ ಹಳದಿ ಇದೆ, ಇನ್ನೊಂದು ಹನಿ’ ಅಂದಳು. ಮೂರನೆಯದು, ನಾಲ್ಕನೆಯದು. ಐದನೇ ಚಮಚ ನೋಡಿ, ‘ಹಾಂ, ಇದು ಬಿಳಿ.’ ನನ್ನ ಕಣ್ಣಿಗೆ ಅದು ಸ್ಕೂಲ್ ಯೂನಿಫಾರ್ಮಿನ ತಿಳಿನೀಲಿ.

ತಮಾಷೆ ಮಾಡ್ತಿದಾಳೆ ಅಂದುಕೊಂಡೆ. ಐಗ್ಲಾಸ್ ತೆಗೆಸಿ, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಹೇಳು ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಎರಡನೇ ಚಮಚ ಮುಟ್ಟಿದಳು.

ಬಲಗಣ್ಣಿಗೆ ಪೊರೆ ಬಂದಿತ್ತು. ಪೊರೆ ಬಲಿತಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿಯನ್ನು ತಡೆಯುತ್ತೆ. ನಿಧಾನವಾಗಿ ಆಗೋದರಿಂದ, ಇನ್ನೊಂದು ಕಣ್ಣು ಸಂಭಾಳಿಸೋದರಿಂದ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಚಿತ್ರಕಾರ ಮೋನೆಗೂ ಹೀಗೇ ಪೊರೆ ಬಂದು ಬಣ್ಣಗಳು ಕೈಕೊಟ್ಟಿದ್ದವು, 1923ರಲ್ಲಿ ಬಲಗಣ್ಣಿಗೇ ಆಪರೇಷನ್ ಆಯಿತು ಅಂತೆಲ್ಲ ಹೇಳಿ ಸಮಾಧಾನ ಮಾಡಲು ಹೋದೆ. ಅಮ್ಮನಿಗೆ ಮೋನೆ ಬೇಕಿರಲಿಲ್ಲ. ಅವಳಿಗೆ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿತ್ತು. ‘ಆ ಕಣ್ಣಲ್ಲೇ ಅಲ್ವೇನೇ ನಾನು ಇಷ್ಟು ವರ್ಷ ಕೆಲಸ ಮಾಡಿದ್ದು. ಅದಕ್ಕೆ ಕತ್ತರಿ ಹಾಕಿಸ್ಲಾ?’ ಇಷ್ಟೇ ಅಂದು ಕುಕ್ಕರ್ ಇಡಲು ಹೋದಳು.

ಒಪ್ಪಿಸೋಕೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಒಂದು ಕೈ, ಒಂದು ಕಾಲಿಗೆ ಐದನೇ ಚಮಚದ ಬಣ್ಣವೇ ಹೊಡೆದಿದ್ದೆವು, ಯಾಕಂದ್ರೆ ಅವಳು ಪಾಸ್ ಮಾಡಿದ್ದು ಅದನ್ನೇ. ವಾದ ಮಾಡುವ ಮನಸ್ಸಾಗಲಿಲ್ಲ. ಆಪರೇಷನ್ ಇಪ್ಪತ್ತು ನಿಮಿಷದ್ದು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳೇ ಗೋಡೆ ನೋಡಿದಳು, ತನ್ನ ಸೀರೆ ನೋಡಿದಳು, ನಲ್ಲಿ ಕೆಳಗಿನ ಸ್ಟೀಲ್ ಪಾತ್ರೆಗಳನ್ನು ನೋಡಿದಳು. ಶೆಲ್ಫ್ ಹತ್ತಿರ ಬಂದು ನಿಂತಳು.

‘ಇದಕ್ಯಾರೇ ಇಷ್ಟು ನೀಲಿ ಹೊಡೆದಿದ್ದು?’

ಉಳಿದ ಕೈಕಾಲಿಗೆ ಎರಡನೇ ಚಮಚದ ಬಿಳಿಯೇ ಆಯಿತು. ಹಳೆಯ ಎರಡನ್ನೂ ಕೆರೆದು ಮತ್ತೆ ಹೊಡಿ, ಹೀಗೆ ಬಿಟ್ಟರೆ ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಲ್ಲ ಅಂತ ವಾರಕ್ಕೊಮ್ಮೆ ಹೇಳ್ತಾಳೆ. ನಾನು ಥಿನ್ನರ್ ಡಬ್ಬ ಅವಳಿಗೆ ಸಿಗದ ಕಡೆ ಇಟ್ಟಿದ್ದೀನಿ.